ತಲಕಾಡನ್ನು ಕೊಟ್ಟ ಕಾಗದ

ಬಿಳಿಗೆರೆ
4 ಜೂನ್ 2024

ಈ ಕಾಗದ ಯಾರ ಕೈಯಲ್ಲಿದೆಯೋ ಅವರು ಮೊದಲು ಕೈ ತೊಳೆದುಕೊಂಡು ಬನ್ನಿ. ಸಂಕ್ರಾಂತಿ ಆದ ಮೇಲೆ ನಾನು ಬರೆದ ಕಾಗದದ ಮೇಲೆ ಯಾರದೋ ಎಣ್ಣೆ ಬೆರಳು ಮೂಡಿತ್ತು ಅಂತ ಜಾನಕಿ ಬರೆದಿದ್ದಳು. ಆ ಬೆರಳು ನಿಮ್ಮದೇ ಇರಬೇಕು. ಇನ್ನೊಬ್ಬರ ಹೆಸರಿಗೆ ಬಂದದ್ದನ್ನು ಒಡೆದು ಓದುವುದಕ್ಕೆ ನಾಚಿಕೆ ಆಗುವುದಿಲ್ಲವೇ? ಇದು ಬಿಳಿಗೆರೆಯ ಮುತ್ತಮ್ಮ ತಿ. ನರಸೀಪುರದ ಜಾನಕಮ್ಮನಿಗೆ ಬರೆದದ್ದು. ಜಾನಕಮ್ಮ ಅಲ್ಲದವರು ಇಲ್ಲಿಗೇ ಮಡಚಿ ಅವಳ ಕೈಗೆ ಕೊಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ.

ಹೋದರೇನು?

ಜಾನಕೀ, ಈಗ ನಿನ್ನ ಸರದಿ. ಏಪ್ರಿಲ್‌ನಲ್ಲಿ ಬರೆದೆ, ಉತ್ತರ ಇಲ್ಲ. ಮೇ ತಿಂಗಳಲ್ಲಿ ಬರೆದೆ, ಅದಕ್ಕೂ ಇಲ್ಲ. ಐವತ್ತು ವರ್ಷದಲ್ಲಿ ನೀನು ತಿಂಗಳು ತಪ್ಪಿಸಿದ್ದು ಎರಡೇ ಸಲ, ಅದೂ ನಿನ್ನ ಎರಡು ಬಾಣಂತನದಲ್ಲಿ. ಈ ವಯಸ್ಸಿನಲ್ಲಿ ಮೂರನೆಯದೇನಾದರೂ ಆಗಿದ್ದರೆ ಹೇಳು, ಕೊಬ್ಬರಿ ಬೆಲ್ಲ ಕಳಿಸುತ್ತೇನೆ.

ಪೋಸ್ಟಿನ ನಂಜೇಶ ಈಗ ನಮ್ಮ ಮನೆಯ ತನಕವೂ ಬರುವುದಿಲ್ಲ. ಬೀದಿಯ ತುದಿಯಲ್ಲೇ ಗಾಡಿ ನಿಲ್ಲಿಸಿ, "ನಿಮ್ದೇನೂ ಬಂದಿಲ್ಲ ಕಣಜ್ಜಿ" ಅಂತ ಕೂಗಿ ತಿರುಗಿಸಿಕೊಂಡು ಹೋಗುತ್ತಾನೆ. ಬೀದಿಗೆಲ್ಲ ಕೇಳಿಸುತ್ತದೆ. ನನ್ನ ಮಗ ರಾಜೇಂದ್ರ, ಫೋನ್ ಮಾಡಿಕೊಡಲೇ ಅಂದ. ಬೇಡ ಅಂದೆ. ಒಗಟು ಅಂದರೆ ಒಂದು ತಿಂಗಳು ತಲೆಯಲ್ಲಿ ಇಟ್ಟುಕೊಂಡು ಓಡಾಡಬೇಕು. ಫೋನಿನಲ್ಲಿ ಕೇಳಿ ಫೋನಿನಲ್ಲೇ ಹೇಳಿದರೆ ಮುಗಿದೇ ಹೋಯಿತಲ್ಲ, ಆಮೇಲೆ ಉಳಿದ ಇಪ್ಪತ್ತೊಂಬತ್ತು ದಿನ ಏನು ಮಾಡುವುದು?

ಮಾರ್ಚಿಯಲ್ಲಿ ನೀನು ಹಾಕಿದ ಒಗಟು ಇನ್ನೂ ನನ್ನನ್ನು ತಿನ್ನುತ್ತಿದೆ. "ಬೆಳಿಗ್ಗೆ ಒಂದು ಕೈ, ರಾತ್ರಿ ಇನ್ನೊಂದು ಕೈ. ಐವತ್ತು ವರ್ಷವಾದರೂ ಎರಡು ಕೈ ಒಟ್ಟಿಗೆ ಮುಟ್ಟಿಲ್ಲ. ಮನೆಯವರನ್ನೆಲ್ಲ ಕಾಯುತ್ತದೆ, ಅದನ್ನು ಕಾಯುವವರಿಲ್ಲ." ನನಗೆ ಹೊಳೆಯಲಿಲ್ಲ, ಸೋತೆ ಅಂತ ಬರೆದು ಕಳಲೆಯನ್ನು ಕೊಟ್ಟೆ. ಒಗಟು ಬಿಡಿಸಲಾರದವಳು ಊರು ಕೊಡಬೇಕು. ಊರು ಗೆದ್ದವಳು, ಅಲ್ಲಿ ಸೋತವಳ ಕೈಲಿ ಏನೇನು ಚಾಕರಿ ಮಾಡಿಸಿಕೊಂಡೆ ಅಂತ ಹೀಯಾಳಿಸಿ, ಆಮೇಲೆ ಉತ್ತರ ಒಪ್ಪಿಸಬೇಕು. ಇದು ನಾವಿಬ್ಬರು ಮಾಡಿದ ಕಾನೂನಲ್ಲ, ನಮ್ಮಜ್ಜಿಯರ ಕಾಲದ್ದು. ನಿನ್ನಿಂದಾಗಿ ಕಳಲೆ ಎರಡು ತಿಂಗಳಿಂದ ಒಡೆಯರಿಲ್ಲದೆ ಬಿದ್ದಿದೆ. ಬಂದು ಆಳು, ಉತ್ತರ ಹೇಳು.

ಅಲ್ಲಿಯ ತನಕ ನಿನಗೆ ಇದು: "ಒಂದೇ ಒಂದು ಹೆರಿಗೆ. ಮಕ್ಕಳೆಲ್ಲ ಮೈಗೆ ಮೈ ಅಂಟಿಸಿ ಕೂತಿದ್ದಾರೆ. ಹೆತ್ತವಳನ್ನು ಕಡಿದು ಹಾಕಿದರೂ ಅವಳ ಕಾಲ ಬುಡದಲ್ಲೇ ಮಗಳು ಎದ್ದು ನಿಂತಿದ್ದಾಳೆ."

ಇಲ್ಲಿ ಎಲ್ಲ ಚೆನ್ನಾಗಿದ್ದೇವೆ. ನನಗೇನೂ ಕಡಿಮೆ ಇಲ್ಲ.

ಮುತ್ತಿ


ತಿ. ನರಸೀಪುರ
19 ಜೂನ್ 2024

ಪ್ರೀತಿಯ ಮುತ್ತಮ್ಮನಿಗೆ,

ಜಾನಕಿಯ ವಂದನೆಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮೂರು ಪತ್ರಗಳೂ ತಲುಪಿವೆ. ಉತ್ತರಿಸಲು ತಡವಾದದ್ದಕ್ಕೆ ಕ್ಷಮೆಯಿರಲಿ. ಈಚೆಗೆ ಕೈ ನಡುಗುತ್ತಿರುವ ಕಾರಣ ಅಕ್ಷರದ ಸ್ವರೂಪ ಬದಲಾಗಿದೆ, ಅನ್ಯಥಾ ಭಾವಿಸಬೇಡ.

ನಿನ್ನ ಒಗಟಿನ ಉತ್ತರ ಬಾಳೆ ಎಂದು ನನ್ನ ಅಭಿಪ್ರಾಯ. ಬಾಳೆ ಒಂದೇ ಸಲ ಗೊನೆ ಬಿಡುತ್ತದೆ. ಕಡಿದ ಮೇಲೆ ಅದರ ಬುಡದಲ್ಲಿ ಮರಿಗಂದು ಇರುತ್ತದೆ. ಬಹಳ ಸೊಗಸಾದ ಒಗಟು. ಎರಡು ದಿನ ಅದರ ಧ್ಯಾನದಲ್ಲೇ ಕಳೆದೆ.

ಕಳಲೆಯ ಒಗಟಿನ ಉತ್ತರವನ್ನು ಈಗಲೇ ಹೇಳುವುದಿಲ್ಲ. ನೀನೇ ಇನ್ನಷ್ಟು ಯೋಚಿಸು.

ನನ್ನ ಒಗಟು: "ಕರಿಯ ಮುಖ. ದಿನವೂ ಬರೆಸಿಕೊಳ್ಳುತ್ತದೆ, ದಿನವೂ ಮರೆಯುತ್ತದೆ. ಊರ ಮಕ್ಕಳೆಲ್ಲ ಅದನ್ನು ನೋಡಿ ಕಲಿತರೂ ಅದು ಮಾತ್ರ ಏನನ್ನೂ ಕಲಿಯದು."

ಬೇಗ ಬರೆ.

ಇಂತಿ,
ಜಾನಕಿ


ಬಿಳಿಗೆರೆ
5 ಜುಲೈ 2024

ಜಾನಕೀ,

ಮುತ್ತಮ್ಮನಿಗೆ ಅಂತ ಬರೆದಿದ್ದೀಯಲ್ಲ, ಯಾವ ಮುತ್ತಮ್ಮ ಅದು? ರೇಷನ್ ಕಾರ್ಡಿನಲ್ಲಿ ಇರುವವಳೇ? ಕನ್ನಡಿ ನೋಡಿಕೊಂಡು ಬಂದೆ, ನಾನೇ ಇದ್ದೆ. ಕೈ ನಡುಗುತ್ತದೆ ಅಂತ ಬರೆದು ಗೆರೆ ಎಳೆದ ಹಾಗೆ ನೆಟ್ಟಗೆ ಬರೆದಿದ್ದೀಯ. ಕೈ ನೆಟ್ಟಗಿದ್ದಾಗ ನೀನು ಬರೆದದ್ದು ಕೋಳಿ ಕೆರೆದ ಹಾಗಿರುತ್ತಿತ್ತು.

ನಿನ್ನ ಒಗಟು ಓದುತ್ತಿದ್ದ ಹಾಗೇ ಗೊತ್ತಾಯಿತು. ಇಸ್ಕೂಲಿನ ಕರಿಹಲಗೆ. ಅದು ನಿಮ್ಮ ಯಜಮಾನರು, ಮೇಷ್ಟ್ರು, ಹೇಳಿಕೊಟ್ಟದ್ದು, ಸುಳ್ಳು ಹೇಳಬೇಡ. ಒಲೆಯ ಮುಂದೆ ಹುಟ್ಟಿದ ಒಗಟಿಗೆ ಬೇರೆಯೇ ವಾಸನೆ ಇರುತ್ತದೆ. ಇದಕ್ಕೆ ಸೀಮೆಸುಣ್ಣದ ವಾಸನೆ. ಐವತ್ತು ವರ್ಷ ನಮ್ಮ ಒಗಟು ಕೇಳಿ ಮೂಗು ಮುರಿದ ಮನುಷ್ಯ ಈಗ ಕೂತು ಒಗಟು ಕಟ್ಟುತ್ತಾರೆ ಅಂದರೆ ನಿಮ್ಮೂರ ದೇವರು ಗುಂಜಾ ನರಸಿಂಹಸ್ವಾಮಿಯೇ ಬುದ್ಧಿ ಕೊಟ್ಟಿರಬೇಕು.

ನಿನ್ನ ಸಿಟ್ಟು ಯಾಕೆ ಅಂತ ನನಗೆ ಗೊತ್ತಾಗಿದೆ. ಫೆಬ್ರವರಿಯಲ್ಲಿ ನಾನು ಮೇಷ್ಟ್ರ ಗೊರಕೆಯನ್ನು ರೈಸ್ ಮಿಲ್ಲಿಗೆ ಹೋಲಿಸಿದೆನಲ್ಲ, ಅದಕ್ಕೇ. ಅದಕ್ಕೇ ಎರಡು ತಿಂಗಳು ಬರೆಯಲಿಲ್ಲ, ಅದಕ್ಕೇ ಈ ಮುತ್ತಮ್ಮನಿಗೆ, ಇಂತಿ, ಅಭಿಪ್ರಾಯ, ಧ್ಯಾನ. ಗೊರಕೆಯ ವಿಷಯ ಮೊದಲು ಎತ್ತಿದವಳು ನೀನೇ ಅನ್ನುವುದನ್ನು ಮರೆಯಬೇಡ. ಆದರೂ ಆಯಿತು, ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಇದಕ್ಕಿಂತ ಹೆಚ್ಚು ನನ್ನ ಬಾಯಿಂದ ಬರುವುದಿಲ್ಲ, ಅದು ನಿನಗೂ ಗೊತ್ತು.

ಬಾಳೆಯ ಒಗಟನ್ನು ಸೊಸೆ ಶಾಲಿನಿಗೂ ಕೇಳಿದ್ದೆ. "ಫೋನಲ್ಲಿ ನೋಡ್ ಹೇಳ್ಲಾ ಅತ್ತೆ?" ಅಂದಳು. ಒಳ್ಳೆಯ ಹುಡುಗಿಯೇ.

ಅಕ್ಷರ ದಪ್ಪದಪ್ಪ ಇದೆ ಅಂತ ನಗಬೇಡ. ಕಾಗದದಲ್ಲಿ ಜಾಗ ಮಿಕ್ಕಬಾರದು ಅಂತ ಹಾಗೆ ಬರೆಯುತ್ತಿದ್ದೇನೆ.

ಈ ಸಲ ನಿನ್ನನ್ನು ಸಮಾಧಾನ ಮಾಡುವುದಕ್ಕೆ ಸುಲಭದ್ದು ಕಳಿಸಿದ್ದೇನೆ. "ಹೊರುವವಳ ತಲೆ ಏರುತ್ತದೆ, ಹೊರೆ ಇಳಿದರೆ ಮೂಲೆ ಸೇರುತ್ತದೆ. ನಡುವೆ ಏನೂ ಇಲ್ಲ, ಬರೀ ಬಯಲು. ಅದಿಲ್ಲದೆ ಮಾತ್ರ ಹೊರೆ ನಿಲ್ಲುವುದಿಲ್ಲ."

ಇದು ನಿನಗೆ ಬರದಿದ್ದರೆ ನೀನು ಜಾನಕಿಯೇ ಅಲ್ಲ. ನಕ್ಕೊಂಡು ಬರೆ.

ಮುತ್ತಿ


ತಿ. ನರಸೀಪುರ
28 ಜುಲೈ 2024

ಪ್ರೀತಿಯ ಮುತ್ತಿಗೆ,

ನನಗೆ ನಿನ್ನ ಮೇಲೆ ಯಾವ ಕೋಪವೂ ಇಲ್ಲ. ಗೊರಕೆಯ ವಿಷಯ ನಿಜವೇ ಇರಬೇಕು. ಅದನ್ನು ಓದಿ ಇಲ್ಲಿ ಎಷ್ಟೋ ದಿನಗಳ ಮೇಲೆ ನಗು ಬಂತು.

ನಿನ್ನ ಒಗಟಿನ ಮುಂದೆ ಹದಿನೈದು ದಿನ ಕುಳಿತೆ. ಮೊದಲು ಕಿರೀಟ ಎಂದುಕೊಂಡೆ. ಆದರೆ ಕಿರೀಟವನ್ನು ಯಾರೂ ಮೂಲೆಗೆ ಹಾಕುವುದಿಲ್ಲ, ಅದರ ಮೇಲೆ ಹೊರೆಯನ್ನೂ ಇಡುವುದಿಲ್ಲ. ಕೊಡೆ ಎಂದುಕೊಂಡೆ. ಕೊಡೆಯ ನಡುವೆ ಕಡ್ಡಿಗಳಿವೆ. ಕೋಶಗಳನ್ನು ತೆಗೆದು ನೋಡಿದೆ. ಸುಲಭದ್ದೆಂದು ನೀನು ಬರೆದಿರುವುದರಿಂದ ಮನಸ್ಸಿಗೆ ಇನ್ನಷ್ಟು ಕಷ್ಟವಾಯಿತು.

ಸೋತಿದ್ದೇನೆ. ಪದ್ಧತಿಯಂತೆ ಊರು ಕೊಡಬೇಕು. ಇಂಥ ಒಗಟಿಗೆ ಸಣ್ಣ ಊರು ಸಲ್ಲದು. ತಲಕಾಡನ್ನು ಕೊಟ್ಟಿದ್ದೇನೆ, ಸಂತೋಷದಿಂದ ಆಳು.

ಉತ್ತರವನ್ನು ತಿಂಗಳು ಕಾಯಿಸದೆ ತಿಳಿಸು. ಈಗೀಗ ಹನ್ನೊಂದು ಗಂಟೆಗೆ ಜಗುಲಿಯಲ್ಲಿ ಕುಳಿತು ಅಂಚೆಯವನ ದಾರಿ ನೋಡುವುದೊಂದೇ ಕೆಲಸವಾಗಿದೆ.

ಇಂತಿ,
ಜಾನಕಿ


ಬಿಳಿಗೆರೆ
2 ಆಗಸ್ಟ್ 2024
(ಕಾರ್ಡು)

ಊರು ಮುಟ್ಟಿತು. ತಲಕಾಡು ಅಂತಲೇ ಬರೆದಿದೆ ತಾನೇ ಅಂತ ಮೂರು ಸಲ ಬೆಳಕಿಗೆ ಹಿಡಿದು ಓದಿದೆ.

ಸೋಮವಾರ ಆಳಲು ಹೋಗುತ್ತೇನೆ. ಉತ್ತರ ಅಲ್ಲಿಂದ ಬಂದ ಮೇಲೆ.

ಮುತ್ತಮ್ಮ


ತಿ. ನರಸೀಪುರ
9 ಆಗಸ್ಟ್ 2024

ಶ್ರೀಮತಿ ಮುತ್ತಮ್ಮನವರಿಗೆ,

ವ್ಯಾಸರಾಜನ ನಮಸ್ಕಾರಗಳು.

ತಮ್ಮ ಕಾರ್ಡು ನಿನ್ನೆ ತಲುಪಿತು. ತಾವು ನಿಜವಾಗಿಯೂ ತಲಕಾಡಿಗೆ ಹೊರಡುವಿರೆಂದು ನಾನು ಎಣಿಸಿರಲಿಲ್ಲ. ಅಲ್ಲಿ ಅವಳ ತೌರುಮನೆಯವರ ಬಾಯಿಂದ ತಮಗೆ ತಿಳಿಯಬಾರದೆಂದು ಬರೆಯುತ್ತಿದ್ದೇನೆ. ಆಗಲೇ ತಿಳಿದಿದ್ದರೆ ಈ ಪತ್ರ ನನ್ನ ತಪ್ಪೊಪ್ಪಿಗೆ ಮಾತ್ರ.

ಜಾನಕಿ ಯುಗಾದಿಯಾದ ಮೂರನೆಯ ದಿನ ಬೆಳಿಗ್ಗೆ ಹೋದಳು. ಕಾಫಿ ಬೆರೆಸಿಟ್ಟು, ಸ್ವಲ್ಪ ಎದೆ ಹಿಡಿದ ಹಾಗಿದೆ ಎಂದಳು. ಅಷ್ಟೇ. ನಮ್ಮ ಮಗ ರಘೂತ್ತಮ ವೈಕುಂಠ ಸಮಾರಾಧನೆಯ ಕಾಗದವನ್ನು ಬಂಧುಗಳ ಪಟ್ಟಿ ನೋಡಿ ಹಾಕಿಸಿದ. ತಮ್ಮ ಹೆಸರು ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಬರೆಸಿದವನು ನಾನು.

ತಮ್ಮ ಏಪ್ರಿಲಿನ ಪತ್ರ ಅವಳು ಹೋದ ವಾರಕ್ಕೆ ಬಂತು. ಒಡೆಯಲಿಲ್ಲ. ಮೇ ತಿಂಗಳದ್ದನ್ನೂ ಒಡೆಯಲಿಲ್ಲ. ಜೂನಿನದನ್ನು ಒಡೆದೆ. ಮೊದಲ ಸಾಲಿನಲ್ಲೇ ತಾವು ನನ್ನನ್ನು ಬೈದಿದ್ದಿರಿ. ಎಣ್ಣೆ ಬೆರಳು ನನ್ನದಲ್ಲ, ಸೊಸೆ ಹರಿಪ್ರಿಯಾಳದು; ಉಳಿದ ಬೈಗುಳ ನನಗೆ ಸಲ್ಲತಕ್ಕದ್ದೇ. ಆಮೇಲೆ ಅವಳ ಪೆಟ್ಟಿಗೆ ತೆಗೆದೆ. ತಮ್ಮ ಐವತ್ತು ವರ್ಷದ ಪತ್ರಗಳು ಅದರಲ್ಲಿದ್ದವು. ಅವಳು ಬರೆದ ಒಂದೂ ಇರಲಿಲ್ಲ. ಹೇಗೆ ಇರಲು ಸಾಧ್ಯ. ಅರ್ಧ ಸಂಭಾಷಣೆಯನ್ನು ಓದುತ್ತ, ಇನ್ನರ್ಧವನ್ನು ಊಹಿಸುತ್ತ ಒಂದು ವಾರ ಕಳೆದೆ.

ತಮಗೆ ಸುದ್ದಿ ತಿಳಿಸಬೇಕೆಂದೇ ಕಾಗದ ತೆಗೆದುಕೊಂಡು ಕುಳಿತೆ. ಆಗ ಬಾಳೆಯ ಉತ್ತರ ಹೊಳೆಯಿತು. ಅದನ್ನು ಮೊದಲು ಬರೆದೆ. ಬರೆದ ಮೇಲೆ ಅದರ ಕೆಳಗೆ ಅವಳು ಇಲ್ಲ ಎಂದು ಬರೆಯಲು ಕೈ ಬರಲಿಲ್ಲ.

ನಾನು ಊರ ಮಕ್ಕಳಿಗೆ ಮೂವತ್ತಾರು ವರ್ಷ ಪಾಠ ಹೇಳಿದವನು. ಅಡುಗೆಮನೆಯಲ್ಲಿ ಅವಳು ಒಗಟು ಹೇಳಿಕೊಂಡು ನಗುತ್ತಿದ್ದರೆ, ಇದೇನು ಹುಚ್ಚು ಎನ್ನುತ್ತಿದ್ದೆ. ಒಮ್ಮೆಯೂ ಉತ್ತರ ಹೇಳಲು ಪ್ರಯತ್ನಿಸಲಿಲ್ಲ. ಅವಳೂ ಕೇಳುವುದನ್ನು ಬಿಟ್ಟಳು. ಮಗ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ರಾತ್ರಿ ಬಾಗಿಲ ಚಿಲಕ ಹಾಕಿದ ಕೈಯೇ ಬೆಳಿಗ್ಗೆ ಅದನ್ನು ತೆಗೆಯಬೇಕಾಗಿ ಬಂದಾಗ ಮನೆ ಎಷ್ಟು ದೊಡ್ಡದು ಎನಿಸುತ್ತದೆ. ತೆಗೆಯುವುದು ಯಾವಾಗಲೂ ಅವಳ ಕೆಲಸವಾಗಿತ್ತು.

ಕಳಲೆಯ ಒಗಟಿನ ಉತ್ತರ ನನಗೂ ತಿಳಿಯದು. ಮುಚ್ಚಿಟ್ಟದ್ದಲ್ಲ.

ತಾವು ಇನ್ನು ಮುಂದೆ ಬರೆಯದಿದ್ದರೆ ಅದು ನ್ಯಾಯವೇ.

ವ್ಯಾಸರಾಜ


ಬಿಳಿಗೆರೆ
20 ಆಗಸ್ಟ್ 2024

ಮೇಷ್ಟ್ರೇ,

ನಿಮ್ಮ ಕಾಗದ ಬಂದು ಆರು ದಿನ ದೇವರ ಗೂಡಿನಲ್ಲಿತ್ತು. ಒಡೆಯುವ ಅವಸರ ನನಗಿರಲಿಲ್ಲ. ಒಳಗೆ ಏನಿದೆ ಅಂತ ಆಗಲೇ ತಲಕಾಡಿನಲ್ಲಿ ಗೊತ್ತಾಗಿತ್ತು. ನಿಜ ಹೇಳಬೇಕೆಂದರೆ ಅದಕ್ಕೂ ಮೊದಲೇ, ನೀವು ಊರು ಕೊಟ್ಟ ದಿನವೇ ಗೊತ್ತಾಗಿತ್ತು.

ನಿಮಗೆ ಒಂದು ವಿಷಯ ಯಾರೂ ಹೇಳಿಕೊಟ್ಟಿಲ್ಲ. ಒಗಟಿನಲ್ಲಿ ಸೋತ ಹೆಂಗಸು ಯಾವ ಊರನ್ನು ಬೇಕಾದರೂ ಕೊಡುತ್ತಾಳೆ. ಮೈಸೂರನ್ನು ಕೊಡುತ್ತಾಳೆ, ಗಂಡನ ಊರನ್ನಂತೂ ಮೊದಲು ಕೊಡುತ್ತಾಳೆ. ಜಾನಕಿ ನಿಮ್ಮ ನರಸೀಪುರವನ್ನು ನನಗೆ ಏನಿಲ್ಲವೆಂದರೂ ಇಪ್ಪತ್ತು ಸಲ ಕೊಟ್ಟಿದ್ದಾಳೆ. ತವರನ್ನು ಮಾತ್ರ ಕೊಡುವುದಿಲ್ಲ. ಸತ್ತರೂ ಕೊಡುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಾಗದದಲ್ಲೂ ಬರೆಯುವುದಿಲ್ಲ, ಹೆಣ್ಣಾಗಿ ಹುಟ್ಟಿ ಇನ್ನೊಂದು ಊರಿಗೆ ಬಂದವಳಿಗೆ ತಾನಾಗಿ ಗೊತ್ತಿರುತ್ತದೆ. ನಿಮಗೆ ತಲಕಾಡು ಮಾವನ ಮನೆ. ಹಬ್ಬಕ್ಕೆ ಹೋಗಿ ಒಬ್ಬಟ್ಟು ತಿಂದು ಬಂದ ಊರು. ನಮಗಿಬ್ಬರಿಗೂ ಅದು ತವರು. ನೀವು ಎತ್ತಿ ಕೊಟ್ಟುಬಿಟ್ಟಿರಿ, ಸಂತೋಷದಿಂದ ಆಳು ಅಂತ.

ಆ ಸಾಲು ಓದಿ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಇದನ್ನು ಬರೆದ ಕೈ ಜಾನಕಿಯದಲ್ಲ. ಹಾಗಾದರೆ ಅವಳ ಕೈ ಎಲ್ಲಿ? ರಾಜೇಂದ್ರನಿಗೆ ಹೇಳಿದ್ದರೆ ಅರ್ಧ ಗಳಿಗೆಯಲ್ಲಿ ಫೋನ್ ಮಾಡಿ ಕೇಳುತ್ತಿದ್ದ. ಹೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತಿತ್ತಲ್ಲ. ಮೂರು ದಿನ ಗೊತ್ತಿಲ್ಲದೆ ಇಟ್ಟುಕೊಂಡೆ.

ಸೋಮವಾರ ಹೊರಟೆ. ಕಂಡಕ್ಟರು, "ಆಧಾರ್ ತೋರ್ಸಜ್ಜಿ, ಎಲ್ಲಿಗೆ?" ಅಂದ. "ತಲಕಾಡು ನನ್ ಕೈಗೆ ಬಂದೈತೆ ಕಣಪ್ಪ, ನೋಡ್ಕಂಡ್ ಬರಾಕ್ ಓಯ್ತಾ ಇವ್ನಿ" ಅಂದೆ. ಅವನು ನಕ್ಕು ಪುಕ್ಕಟೆ ಟಿಕೆಟು ಹರಿದು ಕೊಟ್ಟ. ನರಸೀಪುರದಲ್ಲಿ ಬಸ್ಸು ಬದಲಾಯಿಸಬೇಕು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ನಿಮ್ಮ ಬೀದಿ ಅಲ್ಲಿಂದ ಎಷ್ಟು ದೂರ, ಕೂಗಿದರೆ ಕೇಳಿಸುವಷ್ಟು. ನೀವು ಜಗುಲಿಯಲ್ಲಿ ನನ್ನ ಕಾರ್ಡಿಗಾಗಿ ಕಾಯುತ್ತ ಕೂತಿದ್ದ ಹೊತ್ತು ಅದು. ನಾನು ಏಳಲಿಲ್ಲ. ಅವಳ ಮನೆಯ ಬಾಗಿಲಿಗೆ ಹೋಗಿ ಅವಳಿದ್ದಾಳೆಯೇ ಅಂತ ಕೇಳುವುದಕ್ಕಿಂತ ತವರಿನಲ್ಲಿ ಕೇಳುವುದು ವಾಸಿ ಅನ್ನಿಸಿತು.

ಅವಳ ಅಣ್ಣನ ಮಗ ಹರಿಪ್ರಸಾದ ಹೊಸದಾಗಿ ಗೇಟು ಹಾಕಿಸಿದ್ದಾನೆ. ನನ್ನ ಗುರುತು ಹಿಡಿಯುವುದಕ್ಕೆ ಸ್ವಲ್ಪ ಹೊತ್ತಾಯಿತು. ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟ. ನಾನು ಕೇಳಲೇ ಇಲ್ಲ, ಅವನೇ ಅಂದ, "ಅತ್ತೆ ಹೋಗಿ ನಾಲ್ಕು ತಿಂಗಳಾಯ್ತಲ್ಲಮ್ಮ. ನಿಮಗೆ ಯಾರೂ ತಿಳಿಸಲಿಲ್ವಾ?"

"ಗೊತ್ತು ಕಣಪ್ಪ" ಅಂದೆ. "ಸುಮ್ಕೆ ಬಂದೆ."

ಆ ಮನೆಯ ಮುಂದೆ, ಗೊತ್ತಿಲ್ಲ ಅಂತ ಹೇಳಿಕೊಳ್ಳುವಷ್ಟು ಕೆಟ್ಟಿಲ್ಲ ನಾನು. ಅರವತ್ತೈದು ವರ್ಷದ ಗೆಳತಿಗೆ ಸಾವಿನ ಸುದ್ದಿ ಮುಟ್ಟಿಲ್ಲ ಅಂದರೆ ಅವಮಾನ ನನಗಲ್ಲ, ಅವಳಿಗೆ.

ಆಮೇಲೆ ಹೊಳೆಗೆ ಹೋದೆ. ಮರಳಿನಲ್ಲಿ ಕಾಲು ಹೂತು ಹೂತು ಎರಡು ಕಡೆ ಕೂತು ಎದ್ದು ಹೋದೆ. ನೀರು ಕೆಂಪಗೆ ತುಂಬಿಕೊಂಡು ಹೋಗುತ್ತಿತ್ತು. ಊರು ಗೆದ್ದವಳು ಅಲ್ಲಿ ಸೋತವಳಿಂದ ಚಾಕರಿ ಮಾಡಿಸಿಕೊಳ್ಳಬೇಕಲ್ಲ, ಮಾಡಿಸಿಕೊಂಡೆ. ಜಾನಕಿಯನ್ನು ಹತ್ತು ವರ್ಷದವಳನ್ನಾಗಿ ಮಾಡಿ ನೀರು ಹೊರಿಸಿದೆ. ನಿಮ್ಮವರ ಮನೆಯಲ್ಲಿ ಬಿಂದಿಗೆ ಸೊಂಟದ ಮೇಲೆ, ನಮ್ಮ ಮನೆಯಲ್ಲಿ ತಲೆಯ ಮೇಲೆ. ಅವಳಿಗೆ ನನ್ನ ಹಾಗೆ ತಲೆಯ ಮೇಲೆ ಹೊರಬೇಕು ಅಂತ ಹಟ. ನನ್ನ ಲಂಗದ ಹರುಕು ಅಂಚನ್ನು ಸುತ್ತಿ ಸಿಂಬೆ ಮಾಡಿ ಅವಳ ನೆತ್ತಿಯ ಮೇಲಿಟ್ಟು, ಮೇಲೆ ಬಿಂದಿಗೆ ಇಟ್ಟೆ. ನಾಲ್ಕು ಹೆಜ್ಜೆ ಹೋದಳು. ಐದನೆಯದಕ್ಕೆ ಬಿಂದಿಗೆ ಬಿತ್ತು, ತಾಮ್ರ ನೆಗ್ಗಿತು, ಅವಳ ಅಮ್ಮ ಇಬ್ಬರಿಗೂ ಬಾರಿಸಿದರು. ಆ ಸಾಯಂಕಾಲ ಅಳುತ್ತ ಕೂತು ನಾವಿಬ್ಬರೂ ಸೇರಿ ಕಟ್ಟಿದ ಮೊದಲನೆಯ ಒಗಟು ಅದು.

ಉತ್ತರ ಒಪ್ಪಿಸಿದ್ದೇನೆ ನೋಡಿ. ಸಿಂಬೆ. ನೀವು ಕೋಶ ತೆಗೆದು ಹುಡುಕಿದಿರಂತೆ, ಅದೂ ಕಿರೀಟದಿಂದ ಶುರು ಮಾಡಿ. ಬದುಕಿನಲ್ಲಿ ಒಂದು ಬಿಂದಿಗೆ ನೀರು ಹೊತ್ತಿದ್ದರೆ ಹದಿನೈದು ದಿನ ಬೇಕಾಗುತ್ತಿರಲಿಲ್ಲ.

ಈಗ ಇನ್ನೊಂದು. ಆರು ದಿನ ಆದ ಮೇಲೆ ನಿಮ್ಮ ಕಾಗದ ಒಡೆದು, ಬೈಯುವುದಕ್ಕೆ ಮಾತು ಜೋಡಿಸಿಕೊಂಡು ಓದುತ್ತಿದ್ದೆ. ಚಿಲಕದ ಸಾಲಿಗೆ ಬಂದು ನಿಂತೆ. ಬೆಳಿಗ್ಗೆ ಒಂದು ಕೈ, ರಾತ್ರಿ ಇನ್ನೊಂದು ಕೈ. ಐವತ್ತು ವರ್ಷವಾದರೂ ಎರಡು ಕೈ ಒಟ್ಟಿಗೆ ಮುಟ್ಟಿಲ್ಲ. ಚಿಲಕ, ಮೇಷ್ಟ್ರೇ. ನಿಮ್ಮ ಮನೆಯ ಬಾಗಿಲ ಚಿಲಕ. ನಮ್ಮ ಮನೆಯವರು ಇದ್ದಷ್ಟು ಕಾಲ ನಾವು ಬಾಗಿಲಿಗೆ ಒಂದು ಕಲ್ಲು ಅಡ್ಡ ಇಟ್ಟು ಮಲಗಿದವರು, ನನಗೆ ಎಲ್ಲಿಂದ ಹೊಳೆಯಬೇಕು? ಅವಳ ಕೊನೆಯ ಒಗಟಿನ ಉತ್ತರ ಅವಳ ಜೊತೆಗೇ ಹೋಯಿತು ಅಂತ ಹೊಳೆಯ ಹತ್ತಿರ ಕೂತು ಅಂದುಕೊಂಡಿದ್ದೆ. ನೀವು ಅದನ್ನು ಅಂಚೆಗೆ ಹಾಕಿದ್ದಿರಿ, ನಿಮಗೇ ಗೊತ್ತಿಲ್ಲದೆ. ಅವಳು ಒಗಟು ಕಟ್ಟಿದ್ದು ನಿಮ್ಮ ಮೇಲೆ. ಕೇಳುವುದನ್ನು ಬಿಟ್ಟಿದ್ದಳು ಅಂತ ಬರೆದಿದ್ದೀರಲ್ಲ, ನಿಮ್ಮನ್ನು ಕೇಳುವ ಬದಲು ನನ್ನನ್ನು ಕೇಳಿದ್ದಾಳೆ, ಅಷ್ಟೇ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಎರಡು ತಿಂಗಳು ಅವಳ ಹೆಸರು ಹಾಕಿ ಬರೆದು, ಸತ್ತವಳ ಹತ್ತಿರ ಗೊರಕೆಗೆ ಕ್ಷಮೆ ಕೇಳಿಸಿದಿರಿ ನನ್ನಿಂದ. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ ಅನ್ನುವುದನ್ನು ನಾನು ಮರೆಯುವುದೂ ಇಲ್ಲ. ಆದರೆ ಇಷ್ಟು ದೊಡ್ಡ ಮನೆಯಲ್ಲಿ ನನಗೆ ಒಗಟು ಹಾಕುವವರು ಯಾರೂ ಇಲ್ಲ. ಊಟ ಆಯಿತೇ ಅಂತ ಕೇಳುತ್ತಾರೆ, ಮಾತ್ರೆ ತೆಗೆದುಕೊಂಡೆಯಾ ಅಂತ ಕೇಳುತ್ತಾರೆ, ಎರಡಕ್ಕೂ ಉತ್ತರ ಹೌದು. ಯೋಚನೆ ಮಾಡಿ ಹೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ. ಕಣ್ಣಿಗೆ ಪೊರೆ ಬಂದಿದೆ. ಅಕ್ಷರ ದಪ್ಪ ಆಗಿದ್ದು ಅದಕ್ಕೆ, ಜಾಗ ಮಿಕ್ಕಬಾರದು ಅಂತಲ್ಲ. ಮುಂದಿನ ತಿಂಗಳು ಶಾಲಿನಿ ನಂಜನಗೂಡಿಗೆ ಕರೆದುಕೊಂಡು ಹೋಗಿ ತೆಗೆಸುತ್ತಾಳಂತೆ. ಅವಳಿಗೆ ಇನ್ನೂ ಹೂಂ ಅಂದಿಲ್ಲ. ಓದುವುದಕ್ಕೆ ಏನಾದರೂ ಬರುತ್ತದೆ ಅಂತಾದರೆ ಅನ್ನುತ್ತೇನೆ.

ನಿಮ್ಮ ಹತ್ತಿರ ನನ್ನ ಅರ್ಧ ಇದೆ. ಅವಳ ಅರ್ಧ ನನ್ನ ಟ್ರಂಕಿನಲ್ಲಿದೆ, ಒಂದೂ ಬಿಡದ ಹಾಗೆ. ಅದರಲ್ಲಿ ನೀವೂ ಇದ್ದೀರಿ, ಎಲ್ಲ ಕಡೆಯೂ ಗೊರಕೆಯಲ್ಲ. ಕಟ್ಟು ಕಟ್ಟಿ ಒಂದೇ ಸಲ ಕಳಿಸುತ್ತೇನೆ ಅಂದುಕೊಳ್ಳಬೇಡಿ. ಒಂದು ಒಗಟು ಬಿಡಿಸಿದರೆ ಅವಳ ಒಂದು ಕಾಗದ. ಬಿಡಿಸದಿದ್ದರೆ ಊರು ಕೊಡಬೇಕು, ಕಾಗದ ಇಲ್ಲ. ತಲಕಾಡನ್ನು ವಾಪಸು ಕೇಳಬೇಡಿ, ಅದನ್ನು ಇನ್ನು ಯಾರೂ ಆಟಕ್ಕೆ ತರುವಂತಿಲ್ಲ. ನಿಮ್ಮ ಹುಟ್ಟೂರು ಯಾವುದೋ ನನಗೆ ಗೊತ್ತಿಲ್ಲ, ಅದನ್ನೂ ಕೊಡಬೇಡಿ.

ಮೊದಲನೆಯದು: "ಊರ ಸುದ್ದಿಯನ್ನೆಲ್ಲ ನುಂಗುತ್ತದೆ, ಒಂದು ಮಾತೂ ಆಡುವುದಿಲ್ಲ. ದಿನಾ ಒಬ್ಬ ಬಂದು ಬೀಗ ತೆಗೆದು ಹೊಟ್ಟೆ ಬರಿದು ಮಾಡಿದರೂ ಅಳುವುದಿಲ್ಲ." ಸುಲಭ ಮಾಡಿದ್ದೇನೆ. ಉತ್ತರ ಬರೆದ ಮೇಲೆ ನೀವು ಅದರ ಹೊಟ್ಟೆಗೇ ಹಾಕಬೇಕು.

ನಡುಗುವ ಕೈ ಅಂತೆಲ್ಲ ನಾಟಕ ಬೇಡ. ನಿಮ್ಮ ನೆಟ್ಟಗಿನ ಅಕ್ಷರದಲ್ಲಿ, ನಿಮ್ಮ ಹೆಸರು ಹಾಕಿ, ಒಲೆಯ ಮುಂದೆ ಕೂತು ಕಟ್ಟಿದ ಒಂದು ಒಗಟನ್ನೂ ಸೇರಿಸಿ ಬರೆಯಿರಿ. ಸೆಪ್ಟೆಂಬರ್ ಹುಟ್ಟುವುದರೊಳಗೆ ಅದು ನನ್ನ ಕೈಯಲ್ಲಿರಬೇಕು.

ಮುತ್ತಿ